ವಿದೇಶಿ ಯೂನಿವರ್ಸಿಟಿ ಡಿಗ್ರಿ, ಬೆಂಗಳೂರಲ್ಲೇ ಇದ್ದು ಓದೋದು: ಮಾಡಿದವರು ಸ್ವಲ್ಪ ಹೇಳಿ

ಬಸವೇಶ್ವರನಗರದ ಅಕ್ಕ:

ಎಲ್ಲರಿಗೂ ನಮಸ್ಕಾರ. ಮಗ ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದ್ದಾನೆ. ಮಾರ್ಕ್ಸ್ ಚೆನ್ನಾಗಿ ಬಂದಿದೆ. ಇಂಗ್ಲೆಂಡಿನ ಯೂನಿವರ್ಸಿಟಿಯಲ್ಲಿ ಬಿಸಿನೆಸ್, ಫೈನಾನ್ಸ್ ಓದಬೇಕು ಅಂತ ಅವನ ಆಸೆ. ಮೂರು ವರ್ಷ ಅಲ್ಲಿಟ್ಟು ಓದಿಸುವ ಶಕ್ತಿ ನಮಗಿಲ್ಲ, ಅದು ಅವನಿಗೂ ಗೊತ್ತು. ಈಗ ಜಯನಗರದ ಕಡೆ ಒಂದು ಸಂಸ್ಥೆಯವರು ಹೇಳುತ್ತಿದ್ದಾರೆ, ಇಲ್ಲೇ ಎರಡು ವರ್ಷ ಓದಲಿ, ಮೂರನೇ ವರ್ಷ ಬೇಕಿದ್ದರೆ ಅಲ್ಲಿಗೆ ಹೋಗಲಿ, ಬೇಡ ಅಂದರೆ ಇಲ್ಲೇ ಮುಗಿಸಲಿ, ಡಿಗ್ರಿ ಮಾತ್ರ ಅಲ್ಲಿನ ಯೂನಿವರ್ಸಿಟಿಯದೇ ಅಂತ. ವಾರದಲ್ಲಿ ಕೆಲವು ದಿನ ಕ್ಲಾಸು, ಉಳಿದದ್ದು ಆನ್‌ಲೈನ್. ಕೆಲಸ ಮಾಡುತ್ತಾ ಓದುವವರೂ ಇದ್ದಾರಂತೆ.

ನಮ್ಮ ಭಾವ ಒಪ್ಪುತ್ತಿಲ್ಲ. ಸುಮ್ನೆ ಒಳ್ಳೆ ಕಾಲೇಜಿಗೆ ಬಿ.ಕಾಂ ಸೇರಿಸಿ, ಜೊತೆಗೆ ಸಿಎ ಮಾಡಲಿ ಅಂತಾರೆ. ಮನೆಯಲ್ಲಿ ದಿನಾ ಇದೇ ಮಾತು. ನಿಜವಾಗಿ ಓದಿದವರು, ಮಕ್ಕಳನ್ನು ಓದಿಸಿದವರು ಹೇಳಿ. ಸಂಸ್ಥೆಯವರ ಬ್ರೋಷರ್ ನನ್ನ ಹತ್ತಿರ ಇದೆ, ಅದರಲ್ಲಿ ಇಲ್ಲದ್ದು ಬೇಕು.

ಶಿಫ್ಟ್ ಮುಗಿದ ಮೇಲೆ:

ಅಕ್ಕ, ನಾನು ಇದೇ ದಾರಿಯಲ್ಲಿ ಓದುತ್ತಿದ್ದೇನೆ, ಕೊನೆಯ ವರ್ಷ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ, ಮಧ್ಯಾಹ್ನದಿಂದ ರಾತ್ರಿವರೆಗೆ ಶಿಫ್ಟ್. ಪಿಯುಸಿ ಆದ ಕೂಡಲೇ ದುಡಿಯಲೇಬೇಕಿತ್ತು. ರೆಗ್ಯುಲರ್ ಕಾಲೇಜಿನ ಅಟೆಂಡೆನ್ಸ್ ನನ್ನ ಕೈಲಿ ಆಗುವ ಮಾತಲ್ಲ.

ಫ್ಲೆಕ್ಸಿಬಲ್ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಥವಾಗಿದ್ದು ಅಮ್ಮನಿಗೆ ಆಪರೇಷನ್ ಆದಾಗ. ಆ ಟರ್ಮಿನಲ್ಲಿ ಒಂದೇ ಮಾಡ್ಯೂಲ್, ಅಂದರೆ ಒಂದೇ ಸಬ್ಜೆಕ್ಟ್ ತಗೊಂಡೆ, ಉಳಿದದ್ದು ಮುಂದಿನ ಇಂಟೇಕಿಗೆ ಹೋಯಿತು, ಫೀಸೂ ಆ ಒಂದಕ್ಕೇ ಕಟ್ಟಿದೆ. ವರ್ಷ ಹಾಳಾಗಲಿಲ್ಲ.

ಆದರೆ ನಾನು ಹೇಳಬೇಕಾದ ದೊಡ್ಡ ವಿಷಯ ಬೇರೆ. ಮೊದಲ ವರ್ಷದ ಅಕೌಂಟಿಂಗ್ ಮಾಡ್ಯೂಲಿನಲ್ಲಿ ನಿಮಗೆ ಗೊತ್ತಿರುವ ಒಂದು ಸಣ್ಣ ವ್ಯಾಪಾರದ ಕ್ಯಾಶ್ ಫ್ಲೋ ಬರೆಯಿರಿ ಅಂತ ಅಸೈನ್‌ಮೆಂಟ್ ಇತ್ತು. ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿ ತಗೊಂಡೆ. ಹಾಲಿನ ದುಡ್ಡು ದಿನಾ ಕೊಡಬೇಕು. ಬಿಸ್ಕತ್ತು, ಚಿಪ್ಸಿನವರಿಗೆ ವಾರಕ್ಕೊಮ್ಮೆ. ಪಿಜಿ ಹುಡುಗರು ಬರೆಸಿ ಹೋದ ಟೀ, ಬನ್ನಿನ ಲೆಕ್ಕ ಮಾತ್ರ ಅವರ ಸಂಬಳ ಬಂದ ಮೇಲೆ, ತಿಂಗಳ ಮೊದಲ ವಾರ. ಎಲ್ಲವನ್ನೂ ಟೇಬಲ್ ಹಾಕಿ ನೀಟಾಗಿ ಬರೆದು ಕೊಟ್ಟೆ. ಟ್ಯೂಟರ್ ಪಕ್ಕದಲ್ಲಿ ಬರೆದರು, "ತಿಂಗಳ ಕೊನೆಯ ವಾರ ಇವರ ಕೈ ಖಾಲಿ ಅಂತ ನಿನ್ನ ಟೇಬಲ್ಲೇ ಹೇಳುತ್ತಿದೆ. ನೀನು ಅದರ ಬಗ್ಗೆ ಏನೂ ಹೇಳಿಲ್ಲವಲ್ಲ?" ಶನಿವಾರ ಕ್ಲಾಸ್ ಮುಗಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದರು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಪಾಸ್ ಮಾರ್ಕು, ಅದನ್ನು ತೂಗಿ ನೋಡಿ ನಿನ್ನ ತೀರ್ಮಾನ ಹೇಳಿ, ಅದಕ್ಕೆ ಕಾರಣ ಕೊಟ್ಟರೆ ಒಳ್ಳೆ ಮಾರ್ಕು. ಪಿಯುಸಿವರೆಗೆ ಯಾರೂ ನಮ್ಮನ್ನು ಹೀಗೆ ಕೇಳಿರಲಿಲ್ಲ, ಅಲ್ವಾ?

ಬರೀ ಆನ್‌ಲೈನ್ ಆಗಿದ್ದರೆ ಆ ಕಾಮೆಂಟ್ ಓದಿ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತಿದ್ದೆ. ಎದುರಿಗೆ ಕೂತು ಹೇಳುವವರು ಇದ್ದಿದ್ದಕ್ಕೆ ಓದು ಮುಂದುವರಿಯಿತು. ಲೋಕಲ್ ಪಾರ್ಟ್‌ನರ್‌ಗೆ, ಅಂದರೆ ಇಲ್ಲಿ ಪಾಠ ಮಾಡುವ ಸಂಸ್ಥೆಗೆ ಕೊಡುವ ದುಡ್ಡು ಇದಕ್ಕೆ ಅಂತ ತಿಳಿದುಕೊಳ್ಳಿ.

ಲೆಕ್ಕ ಬರೆಯುವವನು:

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಯುಕೆಯಲ್ಲಿ ಓದನ್ನು ಕ್ರೆಡಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಡಿಗ್ರಿ ಸಾಮಾನ್ಯವಾಗಿ 360 ಕ್ರೆಡಿಟ್, ವರ್ಷಕ್ಕೆ 120. ಈ ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. 120 ಮುಗಿಸಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರ್ಟಿಫಿಕೇಟ್ ಆಫ್ ಹೈಯರ್ ಎಜುಕೇಶನ್ ಸಿಗುತ್ತದೆ, 240ಕ್ಕೆ ಡಿಪ್ಲೊಮಾ. ಮಧ್ಯದಲ್ಲಿ ನಿಂತರೂ ಬರಿಗೈಯಲ್ಲಿ ಬರುವುದಿಲ್ಲ. ನಿಮ್ಮ ಕೋರ್ಸಿನಲ್ಲಿ ಈ ಸೌಲಭ್ಯ ಇದೆಯಾ ಅಂತ ಕೇಳಿಕೊಳ್ಳಿ.

ಮೂರು ವರ್ಷವೂ ಅಲ್ಲೇ ಓದಿದರೆ ಪ್ರತಿ ವರ್ಷ ಟ್ಯೂಷನ್ ಫೀಸು, ಬಾಡಿಗೆ, ಊಟ, ಬಸ್ಸು. ಇದರ ಜೊತೆ ವೀಸಾಗೆ ಅರ್ಜಿ ಹಾಕುವಾಗಲೇ ಹೆಲ್ತ್ ಸರ್‌ಚಾರ್ಜ್ ಅಂತ ಸ್ಟೂಡೆಂಟ್‌ಗೆ ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಬೇಕು, ಅಷ್ಟೂ ವರ್ಷದ್ದು ಒಟ್ಟಿಗೆ. ಪೌಂಡ್ ನೂರು ರೂಪಾಯಿ ದಾಟಿ ಕೂತಿದೆ. ಕೊನೆಯ ಒಂದು ವರ್ಷ ಮಾತ್ರ ಹೋದರೆ ಈ ಎಲ್ಲಾ ಖರ್ಚೂ ಆ ಒಂದು ವರ್ಷಕ್ಕೆ ಸೀಮಿತ. ಅಲ್ಲಿ ಪಾರ್ಟ್ ಟೈಮ್ ದುಡಿದು ಫೀಸು ಕಟ್ಟುತ್ತಾನೆ ಅಂತ ಯಾರಾದರೂ ಹೇಳಿದರೆ ಆ ಲೆಕ್ಕ ಬಿಟ್ಟುಬಿಡಿ. ಡಿಗ್ರಿ ಓದುವವರಿಗೆ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸಕ್ಕೆ ಅವಕಾಶ.

ನನ್ನ ಪ್ರಕಾರ ಇಲ್ಲಿ ಉಳಿಯುವ ದುಡ್ಡಿಗಿಂತ ಸಿಗುವ ಟೈಮ್ ಮುಖ್ಯ. 18 ವರ್ಷದ ಹುಡುಗನ ಮೇಲೆ ಮನೆ ಅಡ ಇಟ್ಟು ಲೋನ್ ತೆಗೆಯುವ ಮೊದಲು ಎರಡು ವರ್ಷ ಅವನು ಹೇಗೆ ಓದುತ್ತಾನೆ ಅಂತ ನೋಡಬಹುದು. ರೂಪಾಯಿ ಎಲ್ಲಿಗೆ ಬಂತು, ವೀಸಾ ರೂಲ್ಸ್ ಏನಾಯಿತು ಅಂತಲೂ ನೋಡಬಹುದು. ಓದಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕೋಕೆ ಈಗ 2 ವರ್ಷ ಇದೆ. 2027ರ ಜನವರಿಯಿಂದ ಅರ್ಜಿ ಹಾಕುವ ಡಿಗ್ರಿ, ಮಾಸ್ಟರ್ಸ್ ಓದಿದವರಿಗೆ ಅದು 18 ತಿಂಗಳು. ನಿಮ್ಮ ಮಗ ಮುಗಿಸುವ ಹೊತ್ತಿಗೆ ಇದೇ ಲೆಕ್ಕ. ಕೊನೆಯ ವರ್ಷ ಮಾತ್ರ ಅಲ್ಲಿ ಓದಿದವರಿಗೂ ಆ ವೀಸಾ ಸಿಗುತ್ತದಾ ಅಂತ ಯೂನಿವರ್ಸಿಟಿಯಿಂದಲೇ ಮೇಲ್‌ನಲ್ಲಿ ಕೇಳಿ.

ಕನಕಪುರ ರೋಡ್ ಅಪ್ಪ:

ಎಲ್ಲರೂ ಬರೀ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ನಮ್ಮ ಅಣ್ಣನ ಮಗಳು ಇಂಥದೇ ಒಂದು ಸೆಂಟರ್‌ಗೆ ಸೇರಿದ್ದಳು. ಹೆಸರು ಬೇಡ. ಎರಡನೇ ವರ್ಷದ ಮಧ್ಯದಲ್ಲಿ ಆ ಸೆಂಟರ್‌ಗೂ ಯೂನಿವರ್ಸಿಟಿಗೂ ಒಪ್ಪಂದ ಮುಗಿಯಿತು. ಯೂನಿವರ್ಸಿಟಿಯವರು ತಮ್ಮಲ್ಲಿ ರಿಜಿಸ್ಟರ್ ಆದ ಮಕ್ಕಳಿಗೆ ಕೋರ್ಸ್ ಮುಗಿಸಿಕೊಡುತ್ತೇವೆ ಅಂದರು. ಇವಳು ಆ ಪಟ್ಟಿಯಲ್ಲಿದ್ದಳು, ಬಚಾವಾದಳು. ಜೊತೆಯಲ್ಲಿ ಫೀಸು ಕಟ್ಟಿದ್ದ ಕೆಲವು ಮಕ್ಕಳ ರಿಜಿಸ್ಟ್ರೇಶನ್ನೇ ಆಗಿರಲಿಲ್ಲ. ಸೆಂಟರ್‌ನವರು ಫೀಸು ಇಸ್ಕೊಂಡು, ಐಡಿ ಕಾರ್ಡ್ ಕೊಟ್ಟು, ಕ್ಲಾಸ್ ನಡೆಸುತ್ತಿದ್ದರು ಅಷ್ಟೇ. ಆ ಮಕ್ಕಳ ಅಪ್ಪ ಅಮ್ಮಂದಿರು ಆಫೀಸಿನ ಮುಂದೆ ನಿಂತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಸೇರಿದ ಮೊದಲ ತಿಂಗಳಲ್ಲೇ ಯೂನಿವರ್ಸಿಟಿಯ ಸ್ಟೂಡೆಂಟ್ ನಂಬರ್, ಯೂನಿವರ್ಸಿಟಿಯ ಈಮೇಲ್ ಐಡಿ, ಅವರ ಆನ್‌ಲೈನ್ ಲೈಬ್ರರಿಯ ಲಾಗಿನ್ ಮೂರೂ ಕೈಗೆ ಬರಬೇಕು. ಬರಲಿಲ್ಲ ಅಂದರೆ ಎರಡನೇ ಕಂತು ಕಟ್ಟಬೇಡಿ.

ಇನ್ನೊಂದು ಮಾತು. ನಾಳೆ ಹುಡುಗ ಕೆಪಿಎಸ್‌ಸಿ ಬರೆಯುತ್ತೇನೆ, ಬ್ಯಾಂಕ್ ಎಕ್ಸಾಮ್ ಬರೆಯುತ್ತೇನೆ ಅಂದರೆ ಈ ಡಿಗ್ರಿ ನಡೆಯುತ್ತಾ?

ನಿವೃತ್ತ ಮೇಷ್ಟ್ರು:

ಒಳ್ಳೆ ಪ್ರಶ್ನೆ. ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಈಗ ಮಕ್ಕಳಿಗೆ ಅಡ್ಮಿಷನ್ ವಿಷಯದಲ್ಲಿ ಸಲಹೆ ಕೊಡುತ್ತಿರುತ್ತೇನೆ.

ಮೊದಲು ಒಂದು ಮಾತು. ದೂರದಲ್ಲಿ ಕೂತು ವಿದೇಶಿ ಡಿಗ್ರಿ ಓದುವುದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ. ಲಂಡನ್ ಯೂನಿವರ್ಸಿಟಿ 1858ರಿಂದಲೇ ಹೊರಗಿನ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದು ಡಿಗ್ರಿ ಪಡೆಯುವ ಅವಕಾಶ ಕೊಟ್ಟಿದೆ. ನೆಲ್ಸನ್ ಮಂಡೇಲಾ ಜೈಲಿನಲ್ಲಿದ್ದಾಗ ಕಾನೂನು ಓದಲು ಸೇರಿದ್ದು ಇದರಲ್ಲೇ. ಇವತ್ತೂ ಅವರ ಎಕನಾಮಿಕ್ಸ್, ಫೈನಾನ್ಸ್ ಕೋರ್ಸುಗಳಿಗೆ ಶೈಕ್ಷಣಿಕ ಹೊಣೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನದು. ಸ್ವಂತವಾಗಿಯೂ ಓದಬಹುದು, ಅವರು ಮಾನ್ಯ ಮಾಡಿದ ಟೀಚಿಂಗ್ ಸೆಂಟರ್‌ಗೆ ಸೇರಿಯೂ ಓದಬಹುದು. ಆ ಸೆಂಟರ್‌ಗಳ ಪಟ್ಟಿ ಅವರೇ ಪ್ರಕಟಿಸುತ್ತಾರೆ. ಹಾಗಾಗಿ ಈ ಪದ್ಧತಿಯೇ ಮೋಸ ಅನ್ನೋದು ತಪ್ಪು.

ಈಗ ನಮ್ಮ ದೇಶದ ರೂಲ್ಸ್. ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ. ಇಲ್ಲಿನ ಸಂಸ್ಥೆ ವಿದೇಶಿ ಯೂನಿವರ್ಸಿಟಿ ಜೊತೆ ಸೇರಿ ಓದಿಸೋಕೆ 2022ರಲ್ಲಿ ಅದು ಮೂರು ದಾರಿ ಮಾಡಿತು, ಟ್ವಿನ್ನಿಂಗ್ (ಸ್ವಲ್ಪ ಭಾಗ ಇಲ್ಲಿ, ಸ್ವಲ್ಪ ಭಾಗ ಹೊರಗೆ ಓದುವುದು), ಜಾಯಿಂಟ್ ಡಿಗ್ರಿ, ಡ್ಯುಯಲ್ ಡಿಗ್ರಿ. ನಮ್ಮ ಕಡೆಯ ಸಂಸ್ಥೆಗೆ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಸ್ಕೋರ್ ಇರಬೇಕು, ಇಲ್ಲವೇ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನ ಯೂನಿವರ್ಸಿಟಿ ಪಟ್ಟಿಯಲ್ಲಿ ಮೊದಲ 100ರಲ್ಲಿ ಇರಬೇಕು, ಅಥವಾ ಕೇಂದ್ರ ಸರ್ಕಾರ ಆರಿಸಿದ ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್ ಆಗಿರಬೇಕು. ಹೊರಗಿನದು ಟೈಮ್ಸ್ ಅಥವಾ ಕ್ಯೂಎಸ್ ಅನ್ನುವ ಜಾಗತಿಕ ರ‍್ಯಾಂಕಿಂಗಿನ ಮೊದಲ 1000ದೊಳಗೆ ಇದ್ದರೆ ದಾರಿ ಸಲೀಸು. ಟ್ವಿನ್ನಿಂಗ್‌ನಲ್ಲಿ ಡಿಗ್ರಿ ನಮ್ಮ ಸಂಸ್ಥೆಯದೇ. ಜಾಯಿಂಟ್‌ನಲ್ಲಿ ಎರಡೂ ಸಂಸ್ಥೆ ಸೇರಿ ಒಂದು ಸರ್ಟಿಫಿಕೇಟ್. ಡ್ಯುಯಲ್‌ನಲ್ಲಿ ಎರಡು ಬೇರೆ ಬೇರೆ. ಈ ದಾರಿಯಲ್ಲಿ ಬಂದ ಡಿಗ್ರಿಗೆ ಮತ್ತೆ ಸಮಾನತೆಯ ಪತ್ರಕ್ಕಾಗಿ, ಅಂದರೆ ಇದು ಇಲ್ಲಿನ ಡಿಗ್ರಿಗೆ ಸಮ ಅನ್ನುವ ಪತ್ರಕ್ಕಾಗಿ ಅಲೆಯಬೇಕಿಲ್ಲ. ಕೆಪಿಎಸ್‌ಸಿಗೂ ಸರಿ, ಇಲ್ಲಿ ಎಂ.ಕಾಂ ಮಾಡುವುದಕ್ಕೂ ಸರಿ. ಆದರೆ ಇದು ಆನ್‌ಲೈನ್ ಕೋರ್ಸಿಗೆ ಅನ್ವಯಿಸುವುದಿಲ್ಲ, ಫ್ರಾಂಚೈಸಿ ಪದ್ಧತಿಗೂ ಇಲ್ಲ.

ಫ್ರಾಂಚೈಸಿ ಅಂದರೆ ಹೊರಗಿನ ಯೂನಿವರ್ಸಿಟಿಯ ಹೆಸರಲ್ಲಿ ಇಲ್ಲಿನ ಸೆಂಟರ್ ಕೋರ್ಸ್ ನಡೆಸುವುದು. 2023ರ ಡಿಸೆಂಬರ್‌ನಲ್ಲಿ ಯುಜಿಸಿ ಇದರ ಬಗ್ಗೆ ನೋಟಿಸ್ ಹೊರಡಿಸಿ ಎಚ್ಚರಿಸಿತು. ಎಡ್‌ಟೆಕ್ ಕಂಪನಿಗಳು ವಿದೇಶಿ ಯೂನಿವರ್ಸಿಟಿ ಜೊತೆ ಸೇರಿ ಜಾಹೀರಾತು ಕೊಡುವ ಆನ್‌ಲೈನ್ ಡಿಗ್ರಿಗಳ ಮಾತೂ ಅದರಲ್ಲಿತ್ತು. 2025ರ ಸಮಾನತೆ ನಿಯಮದಲ್ಲೂ ಫ್ರಾಂಚೈಸಿ ಮೂಲಕ ಬಂದ ಡಿಗ್ರಿಗೆ ಜಾಗವಿಲ್ಲ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್‌ಗೆ ಅವುಗಳದೇ ಕೌನ್ಸಿಲ್ ರೂಲ್ಸ್ ಇವೆ.

ನಮ್ಮ ರಾಜ್ಯದವರು ಇದನ್ನು ಹತ್ತಿರದಿಂದ ನೋಡಿದ್ದೇವೆ. 2015ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿವಿಯ ಮಾನ್ಯತೆಗೆ ಕುತ್ತು ಬಂದು, 2018ರಲ್ಲಿ ಮರಳಿ ಸಿಗುವವರೆಗೆ ಎಷ್ಟು ಮಕ್ಕಳು ಸರ್ಟಿಫಿಕೇಟ್ ಹಿಡಿದು ಅಲೆದರು. ಆಗಲೂ ದೊಡ್ಡ ತಕರಾರು ಇದ್ದದ್ದು ಹೊರಗಿನ ಸೆಂಟರ್‌ಗಳ ಜೊತೆಗಿನ ಸಹಭಾಗಿತ್ವದ ಬಗ್ಗೆಯೇ. ಪಾಠದಲ್ಲಿ ದೋಷ ಇಲ್ಲದಿದ್ದರೂ ಕಾಗದದಲ್ಲಿ ದೋಷ ಇದ್ದರೆ ತೊಂದರೆ ಅನುಭವಿಸುವವರು ಮಕ್ಕಳು.

ಬಸವೇಶ್ವರನಗರದ ಅಕ್ಕ:

ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಇವತ್ತೇ ಆ ಸಂಸ್ಥೆಗೆ ಫೋನ್ ಮಾಡಿದೆ. ನಿಮ್ಮದು ಯುಜಿಸಿಯ ಯಾವ ದಾರಿ ಅಂತ ಕೇಳಿದೆ. "ಇದು ಇಂಟರ್‌ನ್ಯಾಷನಲ್ ಡಿಗ್ರಿ ಮೇಡಂ, ಯುಜಿಸಿ ಬೇಕಾಗಿಲ್ಲ" ಅಂದರು. ಅಂದರೆ ಏನರ್ಥ?

ನಿವೃತ್ತ ಮೇಷ್ಟ್ರು:

ತಾಯಿ, ಅವರು ಮೇಲಿನ ಮೂರು ದಾರಿಯಲ್ಲಿ ಇಲ್ಲ ಅಂತ ಅರ್ಥ. ಅದರಿಂದ ಆ ವಿದೇಶಿ ಡಿಗ್ರಿ ಸುಳ್ಳು ಅಂತಾಗುವುದಿಲ್ಲ. ಯೂನಿವರ್ಸಿಟಿ ನಿಜವಾದದ್ದಾದರೆ ಅದರ ದೇಶದಲ್ಲಿ, ಬೇರೆ ದೇಶಗಳಲ್ಲಿ ಅದಕ್ಕೆ ಬೆಲೆ ಇದೆ. ಆದರೆ ಇಲ್ಲಿನ ಸರ್ಕಾರಿ ಕೆಲಸಕ್ಕೆ, ಇಲ್ಲಿನ ಯೂನಿವರ್ಸಿಟಿಯಲ್ಲಿ ಮುಂದಿನ ಓದಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಮಗನ ಮನಸ್ಸಿನಲ್ಲಿ ಏನಿದೆ ಅಂತ ಮೊದಲು ಕೇಳಿ. ಮುಂದೆ ಹೊರಗೆ ಮಾಸ್ಟರ್ಸ್, ಇಲ್ಲವೇ ಖಾಸಗಿ ಕಂಪನಿ ಅಂದರೆ ಈ ದಾರಿ ಆದೀತು. ಸರ್ಕಾರಿ ಕೆಲಸದ ಆಸೆ ಸ್ವಲ್ಪ ಇದ್ದರೂ ನಿಮ್ಮ ಭಾವ ಹೇಳಿದ ಬಿ.ಕಾಂ, ಇಲ್ಲವೇ ಯುಜಿಸಿ ದಾರಿಯ ಡ್ಯುಯಲ್ ಡಿಗ್ರಿ ನೋಡಿ.

ನೇಮಕಾತಿ ಟೀಮ್:

ನಾನು ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಎಚ್‌ಆರ್. ಖಾಸಗಿ ಕಂಪನಿ ಅಂದರೆ ಏನು ನೋಡುತ್ತಾರೆ ಅಂತ ಹೇಳುತ್ತೇನೆ. ಫೈನಾನ್ಸ್ ಟೀಮಿಗೆ ಹುಡುಗರನ್ನು ತೆಗೆದುಕೊಳ್ಳುವಾಗ ಡಿಗ್ರಿ ಯಾವ ದೇಶದ್ದು ಅನ್ನೋದಕ್ಕಿಂತ ಒಂದು ಎಕ್ಸೆಲ್ ಶೀಟ್ ಮುಂದಿಟ್ಟರೆ ಅದರಲ್ಲಿ ಏನು ಕಾಣುತ್ತದೆ ಅಂತ ಹೇಳಬಲ್ಲರಾ ಅಂತ ನೋಡುತ್ತೇವೆ. ಮೇಲೆ ಕಾಂಡಿಮೆಂಟ್ಸ್ ಅಂಗಡಿ ಬಗ್ಗೆ ಬರೆದ ತಂಗಿ ಇಂಟರ್‌ವ್ಯೂನಲ್ಲಿ ಅದನ್ನೇ ಹೇಳಿದರೂ ಸಾಕು. ಓದುತ್ತಾ ಕೆಲಸ ಮಾಡಿದ ಅನುಭವಕ್ಕೂ ತೂಕ ಇದೆ. ಡಿಗ್ರಿ ಕೈಗೆ ಬರುವಾಗ ಅವರ ರೆಸ್ಯೂಮೆಯಲ್ಲಿ ಮೂರ್ನಾಲ್ಕು ವರ್ಷದ ಸರ್ವೀಸ್ ಇರುತ್ತದೆ.

ಆಫರ್ ಕೊಟ್ಟ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಇದೆ. ಬ್ರಿಟನ್ನಿನ ಡಿಗ್ರಿ ಪರಿಶೀಲಿಸೋಕೆ ಅಲ್ಲಿ ಎಚ್‌ಇಡಿಡಿ ಅಂತ ಅಧಿಕೃತ ವ್ಯವಸ್ಥೆಯೇ ಇದೆ. ಹೆಸರು ಯೂನಿವರ್ಸಿಟಿಯ ದಾಖಲೆಯಲ್ಲಿ ಇದ್ದರೆ ಸಲೀಸು. ಕನಕಪುರ ರೋಡ್ ಸರ್ ಹೇಳಿದ ಸ್ಟೂಡೆಂಟ್ ನಂಬರ್ ಇಲ್ಲೂ ಕೆಲಸಕ್ಕೆ ಬರುತ್ತದೆ.

ಮಾರ್ಕ್ಸ್ ಬಗ್ಗೆ ಪೋಷಕರಿಗೆ ಒಂದು ಮಾತು. ಯುಕೆ ಪದ್ಧತಿಯಲ್ಲಿ 70 ದಾಟಿದರೆ ಫಸ್ಟ್ ಕ್ಲಾಸ್. 60ರಿಂದ 69 ಅಪ್ಪರ್ ಸೆಕೆಂಡ್, ಅದು ಒಳ್ಳೆ ರಿಸಲ್ಟು. 40 ಪಾಸು. ಪಿಯುಸಿಯಲ್ಲಿ 95 ತೆಗೆದ ಮಗ 62 ತಂದ ಅಂತ ಮನೆಯಲ್ಲಿ ಗಲಾಟೆ ಮಾಡಬೇಡಿ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗ ತನ್ನ 64 ಅನ್ನು ಹೇಳೋಕೇ ನಾಚಿಕೊಳ್ಳುತ್ತಿದ್ದ. ಅದು ಅಪ್ಪರ್ ಸೆಕೆಂಡ್ ಕಣಪ್ಪ, ರೆಸ್ಯೂಮೆ ಮೇಲೆ ದಪ್ಪಕ್ಷರದಲ್ಲಿ ಹಾಕು ಅಂತ ನಾವೇ ಹೇಳಬೇಕಾಯಿತು.

ಹಾಸನದಿಂದ ವಿಜಯನಗರಕ್ಕೆ:

ನಾನು ಕನ್ನಡ ಮೀಡಿಯಂ. ಈಗ ಇಲ್ಲಿ ಪಿಜಿಯಲ್ಲಿದ್ದು ಮೊದಲ ವರ್ಷ ಓದುತ್ತಿದ್ದೇನೆ. ಸೀದಾ ಇಂಗ್ಲೆಂಡಿಗೆ ಹೋಗಿದ್ದರೆ ಮೊದಲ ಟರ್ಮಿನಲ್ಲೇ ಸೋತು ಹೋಗುತ್ತಿದ್ದೆ ಅನಿಸುತ್ತದೆ. ಇಲ್ಲಿ ಪ್ರಬಂಧ ಬರೆಯೋದು, ಎಲ್ಲಿಂದ ಏನು ತಗೊಂಡೆ ಅಂತ ರೆಫರೆನ್ಸ್ ಕೊಡೋದು, ಇನ್ನೊಬ್ಬರದನ್ನು ಕದ್ದರೆ ಟರ್ನಿಟಿನ್ ಸಾಫ್ಟ್‌ವೇರ್‌ನಲ್ಲಿ ಹೇಗೆ ಸಿಕ್ಕಿಬೀಳುತ್ತೇವೆ ಅನ್ನೋದನ್ನೆಲ್ಲ ಮೊದಲ ವಾರಗಳಲ್ಲೇ ಕಲಿಸಿದರು. ಕ್ಲಾಸ್ ಇಂಗ್ಲಿಷಿನಲ್ಲೇ. ಆದರೆ ಹೊರಗೆ ಬಂದು ಸರ್ ಇದು ಅರ್ಥ ಆಗಲಿಲ್ಲ ಅಂದರೆ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಅಪ್ಪ ಹಾಸನದಿಂದ ಬಂದು ಅವರ ಜೊತೆ ಮಾತಾಡಿ ಹೋದರು. ಅಪ್ಪನಿಗೆ ಧೈರ್ಯ ಬಂದಿದ್ದು ಆಮೇಲೆ.

ಲೆಕ್ಕ ಬರೆಯುವವನು:

ಒಂದು ಸೇರಿಸಬೇಕು. ಈಗ ವಿದೇಶಿ ಯೂನಿವರ್ಸಿಟಿಗಳೇ ನಮ್ಮ ಊರಿಗೆ ಬರುತ್ತಿವೆ. ಲಿವರ್‌ಪೂಲ್ ಯೂನಿವರ್ಸಿಟಿಗೆ ಬೆಂಗಳೂರಲ್ಲಿ ಕ್ಯಾಂಪಸ್ ಮಾಡಲು 2025ರಲ್ಲಿ ಯುಜಿಸಿ ಒಪ್ಪಿಗೆ ಕೊಟ್ಟಿತು. ವೈಟ್‌ಫೀಲ್ಡ್ ಕಡೆ, 2026ರ ಆಗಸ್ಟ್‌ನಿಂದ ಶುರು ಅಂತ ಪ್ರಕಟಿಸಿದ್ದರು. ಇಂಥ ಕ್ಯಾಂಪಸ್ಸಿನ ಡಿಗ್ರಿಗೂ ಇಲ್ಲಿ ಬೇರೆ ಸಮಾನತೆ ಪತ್ರ ಬೇಡ, 2023ರ ಯುಜಿಸಿ ನಿಯಮದಲ್ಲೇ ಹಾಗಿದೆ. ಅಕ್ಕನ ಮಗನ ಪಟ್ಟಿಯಲ್ಲಿ ಇದೂ ಇರಲಿ.

ಶಿಫ್ಟ್ ಮುಗಿದ ಮೇಲೆ:

ಅದು ಒಳ್ಳೆಯದೇ ಅಣ್ಣ, ಆದರೆ ಅದು ಫುಲ್ ಟೈಮ್ ಕ್ಯಾಂಪಸ್. ನನ್ನಂಥವರು ಮಧ್ಯಾಹ್ನ ಹೆಬ್ಬಾಳದ ಟ್ರಾಫಿಕ್ ದಾಟಿ ಶಿಫ್ಟ್‌ಗೆ ಹೋಗಬೇಕಾದವರು, ದಿನಾ ವೈಟ್‌ಫೀಲ್ಡ್‌ನಲ್ಲಿ ಕೂರೋಕೆ ಆಗುತ್ತದಾ? ದುಡಿಯುತ್ತಾ ಓದುವವರಿಗೆ, ಮದುವೆ ಆಗಿ ಮಗು ಇದ್ದು ಓದು ಬಿಟ್ಟವರಿಗೆ ಲೋಕಲ್ ಸೆಂಟರೇ ಗತಿ. ನಮ್ಮ ಬ್ಯಾಚಿನಲ್ಲಿ ಒಬ್ಬರು ಅಕ್ಕ ಇದ್ದಾರೆ, ಮಗಳನ್ನು ಸ್ಕೂಲಿಗೆ ಬಿಟ್ಟು ಸೀದಾ ಕ್ಲಾಸಿಗೆ ಬರುತ್ತಾರೆ. ಅವರ ಅಸೈನ್‌ಮೆಂಟ್ ನಮ್ಮೆಲ್ಲರಿಗಿಂತ ಚೆನ್ನಾಗಿರುತ್ತದೆ. ಕಾಗದ ಸರಿ ಇಲ್ಲದ ಸೆಂಟರ್‌ಗಳ ಮೇಲೆ ನನಗೂ ಸಿಟ್ಟಿದೆ. ಅದಕ್ಕಾಗಿ ಇಂಥವರ ದಾರಿಯನ್ನೇ ಕೆಟ್ಟದ್ದು ಅನ್ನಬೇಡಿ.

ಕನಕಪುರ ರೋಡ್ ಅಪ್ಪ:

ದಾರಿ ಕೆಟ್ಟದ್ದು ಅಂತ ನಾನು ಹೇಳಲಿಲ್ಲಮ್ಮ. ನಮ್ಮ ಹುಡುಗಿಯೂ ಅದೇ ದಾರಿಯಲ್ಲಿ ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ಸೆಂಟರ್‌ನವರು ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿ ದುಡ್ಡು ಕಟ್ಟಬಾರದು ಅಷ್ಟೇ. ರೀಫಂಡ್ ಷರತ್ತು, ಒಪ್ಪಂದ ಯಾವ ವರ್ಷದವರೆಗೆ, ಮಧ್ಯದಲ್ಲಿ ನಿಂತರೆ ಮಕ್ಕಳ ಗತಿ ಏನು, ಎಲ್ಲಾ ಬರಹದಲ್ಲಿ ಬೇಕು. ಯೂನಿವರ್ಸಿಟಿಗೆ ನೀವೇ ಸೀದಾ ಮೇಲ್ ಹಾಕಿ.

ಬಸವೇಶ್ವರನಗರದ ಅಕ್ಕ:

ಹಾಕಿದೆ. ಮಗನೇ ಬರೆದ, ನಾನು ಪಕ್ಕದಲ್ಲಿ ಕೂತಿದ್ದೆ. ಯೂನಿವರ್ಸಿಟಿಯಿಂದ ಉತ್ತರ ಬಂತು. ಆ ಸಂಸ್ಥೆ ಅವರ ಪಟ್ಟಿಯಲ್ಲಿ ಇದೆ, ಆದರೆ ಮೊದಲ ಎರಡು ವರ್ಷಕ್ಕೆ ಮಾತ್ರ. ಮೂರನೇ ವರ್ಷ ಇಲ್ಲೇ ಮುಗಿಸಲು ಒಪ್ಪಿಗೆ ಇಲ್ಲ, ಅಲ್ಲಿಗೇ ಹೋಗಬೇಕು. ಸಂಸ್ಥೆಯವರು ಹೇಳಿದ್ದು ಬೇರೆ. ಎರಡು ವರ್ಷ ಪಾಸಾದರೆ ಸೀಟು ಖಾತ್ರಿಯಾ ಅಂತಲೂ ಕೇಳಿದ್ದ. ಇಷ್ಟು ಮಾರ್ಕ್ಸ್ ಬೇಕು, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ.

ಮನೆಯಲ್ಲಿ ಕೂತು ಮಾತಾಡಿದೆವು. ಮಗನಿಗೆ ಸರ್ಕಾರಿ ಕೆಲಸದ ಆಸೆ ಇಲ್ಲ, ಮುಂದೆ ಮಾಸ್ಟರ್ಸ್ ಮಾಡಬೇಕು ಅಂತಿದ್ದಾನೆ. ಒಂದು ವರ್ಷ ಅಲ್ಲಿ ಓದಿಸುವುದು ಕಷ್ಟ, ಆದರೆ ಎರಡು ವರ್ಷ ಟೈಮ್ ಸಿಗುತ್ತದಲ್ಲ, ಅಷ್ಟರಲ್ಲಿ ಕೂಡಿಡಬಹುದು ಅಂತ ಯಜಮಾನರ ಲೆಕ್ಕ. ಭಾವ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಯೂನಿವರ್ಸಿಟಿಯ ಮೇಲ್ ಪ್ರಿಂಟ್ ತಗೊಂಡು ಎರಡು ಸಲ ಓದಿದರು. ಯುಜಿಸಿ ದಾರಿಯ ಡ್ಯುಯಲ್ ಡಿಗ್ರಿ ಕೊಡುವ ಕಾಲೇಜನ್ನೂ ನೋಡಿ ಬರೋಣ ಅಂತ ಅವರೇ ಹೇಳಿದ್ದಾರೆ. ಈ ಶನಿವಾರ ಎರಡೂ ಕಡೆ ಹೋಗುತ್ತಿದ್ದೇವೆ. ಹೋದಾಗ ಇನ್ನೇನು ನೋಡಬೇಕು?

ಶಿಫ್ಟ್ ಮುಗಿದ ಮೇಲೆ:

ಅಕ್ಕ, ಮಗನನ್ನು ಒಂದು ಕ್ಲಾಸಿನಲ್ಲಿ ಕೂರಿಸಿ ಅಂತ ಕೇಳಿ. ಬಿಲ್ಡಿಂಗ್, ಎಸಿ, ಕಾಫಿ ಮೆಷಿನ್ ತೋರಿಸುತ್ತಾರೆ, ಅದು ಬೇಡ. ಹಿಂದಿನ ಬ್ಯಾಚಿನವರ ತಿದ್ದಿದ ಅಸೈನ್‌ಮೆಂಟ್ ಒಂದನ್ನು ಹೆಸರು ಮುಚ್ಚಿ ತೋರಿಸಿ ಅನ್ನಿ. ಟ್ಯೂಟರ್ ಪಕ್ಕದಲ್ಲಿ ಏನಾದರೂ ಬರೆದಿದ್ದಾರಾ, ಬರೀ ಟಿಕ್ ಹಾಕಿ ಮಾರ್ಕು ಕೊಟ್ಟಿದ್ದಾರಾ ನೋಡಿ. ಎರಡನೇ ವರ್ಷದ ಮಕ್ಕಳು ಕೆಳಗೆ ಟೀ ಕುಡಿಯೋಕೆ ಬಂದಿರುತ್ತಾರೆ, ಅವರನ್ನು ಮಾತಾಡಿಸಿ, ಟ್ಯೂಟರ್‌ಗಳು ವರ್ಷದ ಮಧ್ಯದಲ್ಲಿ ಬದಲಾಗುತ್ತಿರುತ್ತಾರಾ ಅಂತ ಕೇಳಿ. ಹೋಗಿ ಬಂದು ಇಲ್ಲೇ ಬರೆಯಿರಿ.